ಎಡಕ್ಕೆ ಬಿಳಿ, ಬಲಕ್ಕೆ ಹಳದಿ

ನಮ್ಮ ಅತ್ತೆ ಹಳದಿ ಬಟ್ಟೆ ಹೊಲಿಯುತ್ತಿರಲಿಲ್ಲ. ಮೂವತ್ತೈದು ವರ್ಷದಿಂದ ಹೊಲಿಗೆ ಮಿಷನ್ನಿನ ಮುಂದೆ ಕೂತವರು, ಬೀದಿಯ ಅರ್ಧ ಜನರ ಸೊಂಟದ ಅಳತೆಯನ್ನು ಟೇಪು ಹಿಡಿಯದೆ ಹೇಳಬಲ್ಲವರು, ಯಾರಾದರೂ ಹಳದಿ ಬಟ್ಟೆ ಬಿಚ್ಚಿದರೆ ಸಾಕು, "ಕೈತುಂಬ ಕೆಲಸ ಇದೆ, ಬೇರೆ ಕಡೆ ಕೊಡಿ" ಎಂದುಬಿಡುತ್ತಿದ್ದರು. ಕತ್ತಲಾದ ಮೇಲೆ ಸೂಜಿಯನ್ನೂ ಮುಟ್ಟುತ್ತಿರಲಿಲ್ಲ. ಸೊಸೆಯಾಗಿ ಬಂದ ಹೊಸದರಲ್ಲಿ ನಾನು ಇದನ್ನು ಕೊಬ್ಬು ಅಂದುಕೊಂಡಿದ್ದೆ. ಗಂಡನನ್ನು ಕೇಳಿದರೆ "ಅದನ್ನ ಮಾತ್ರ ಕೇಳಬೇಡ" ಅಂದರು. ಬೇಡ ಅಂದದ್ದನ್ನು ಕೇಳದೆ ಇರುವ ಜಾಯಮಾನ ನನ್ನದಲ್ಲ. ಎದುರುಮನೆಯ ಹೆಂಗಸಿನಿಂದ ಒಂದೇ ಮಧ್ಯಾಹ್ನದಲ್ಲಿ ಎಲ್ಲ ತಿಳಿದುಕೊಂಡೆ, ತಿಳಿದ ಮೇಲೆ ಯಾಕಾದರೂ ಕೇಳಿದೆನೋ ಅನ್ನಿಸಿತು.

ಮಾವ ಗಾಡಿಗಳ ಕರೆಂಟು ಕೆಲಸ ಮಾಡುತ್ತಿದ್ದವರು. ಮನೆಯ ಕೆಳಗಿನ ಶೆಡ್ಡೇ ಅವರ ಅಂಗಡಿ. ಒಂದು ಹಳೆಯ ಡಬ್ಬಿ ವ್ಯಾನು ಕೊಂಡು, ದೊಡ್ಡ ಮಗನಿಗೆ ಬೇಕರಿಯ ಬ್ರೆಡ್ಡು ಸಾಗಿಸುವ ಕೆಲಸ ಮಾಡಿಕೊಟ್ಟಿದ್ದರು. ಹಿಂದುಗಡೆ ಒಂದು ಕಿಟಕಿಯೂ ಇಲ್ಲದ, ಬೀರುವಿನ ಹಾಗೆ ಮುಚ್ಚಿದ ಮೈಯ ಗಾಡಿ ಅದು. ಎಷ್ಟು ಹಳೆಯದೆಂದರೆ ತಿರುವು ತೋರಿಸುವ ದೀಪಗಳೇ ಇರಲಿಲ್ಲ. ಡ್ರೈವರು ಕೈ ಹೊರಗೆ ಚಾಚಿ ತೋರಿಸಬೇಕು. ಮಗನ ಕೈ ಹೊರಗೆ ಹೋಗುವುದು ಬೇಡವೆಂದು ಮಾವ ಇಂಡಿಕೇಟರ್ ಹಾಕಲು ಹೊರಟರು. ಅಂಗಡಿಯಲ್ಲಿ ಇದ್ದದ್ದು ಕಪ್ಪು ವೈರಿನ ಒಂದೇ ಸುರುಳಿ. ಎಲ್ಲ ಕಪ್ಪಾದರೆ ಯಾವುದು ಯಾವ ದೀಪದ್ದೆಂದು ಗುರುತು ಸಿಗುವುದಿಲ್ಲವಲ್ಲ, ಅದಕ್ಕೆ ಅತ್ತೆ ವೈರುಗಳ ತುದಿಗೆ ಬಣ್ಣದ ನೂಲು ಸುತ್ತಿಕೊಡುತ್ತಿದ್ದರು. ಎಡದ ವೈರಿಗೆ ಎರಡೂ ತುದಿಯಲ್ಲಿ ಬಿಳಿ, ಬಲದ ವೈರಿಗೆ ಎರಡೂ ತುದಿಯಲ್ಲಿ ಹಳದಿ. ಅಂಗಡಿ ಶುರುವಾದಾಗಿನಿಂದ ಗಂಡ ಹೆಂಡತಿ ಹೀಗೇ ಕೆಲಸ ಮಾಡಿದವರು. ಎಲ್ಲ ಮುಗಿದ ಮೇಲೆ ಮಾವ ಸೀಟಿನಲ್ಲಿ ಕೂತು ಸ್ವಿಚ್ಚು ಹಾಕುವುದು, ಅತ್ತೆ ಹಿಂದೆ ನಿಂತು "ಎಡ", "ಬಲ" ಎಂದು ಕೂಗಿ ಹೇಳುವುದು.

ಈ ಗಾಡಿಯ ವೈರಿಗೆ ನೂಲು ಸುತ್ತಬೇಕಾದ ಸಂಜೆ ಕರೆಂಟು ಹೋಗಿತ್ತು. ಅತ್ತೆ ಲಾಂದ್ರದ ಬೆಳಕಲ್ಲಿ ನೂಲು ಸುತ್ತಿಟ್ಟು, ಕಾಯಿಲೆ ಬಿದ್ದಿದ್ದ ತಾಯಿಯನ್ನು ನೋಡಲು ಮರುದಿನ ತವರಿಗೆ ಹೋದರು. ಮಾವ ಒಬ್ಬರೇ ಕೂತು ವೈರು ಸೇರಿಸಿದರು. ಕೂಗಿ ಹೇಳುವವರು ಇರಲಿಲ್ಲ. ದೀಪ ಮಿನುಗುತ್ತದೆಯೆಂದು ನೋಡಿ ಗಾಡಿ ಬಿಟ್ಟುಕೊಟ್ಟರು. ಅದರ ಮರುದಿನ ಬೆಳಿಗ್ಗೆ ದೊಡ್ಡ ಮಗ ಬಲಕ್ಕೆ ತಿರುಗಲು ಸ್ವಿಚ್ಚು ಹಾಕಿದ. "ಎಡದ ದೀಪ ಮಿನುಗಿತು, ಅವನು ಎಡಕ್ಕೆ ಹೋಗ್ತಾನೆ ಅಂತ ನಾನು ಬಲಗಡೆಯಿಂದ ಮುಂದೆ ನುಗ್ಗಿದೆ," ಎಂದು ಹಿಂದಿನ ಲಾರಿಯವನು ಹೇಳಿದ. ಲಾರಿ ಬಡಿದದ್ದು ಡ್ರೈವರ್ ಬಾಗಿಲಿಗೇ. ಹುಡುಗನಿಗೆ ಇಪ್ಪತ್ತನಾಲ್ಕು ವರ್ಷ.

ಬಂದ ಜನರೆದುರು ಮಾವ ಅಂದರಂತೆ, "ಲಾಂದ್ರದ ಬೆಳಕಲ್ಲಿ ಬಿಳಿ, ಹಳದಿ ಎರಡೂ ಒಂದೇ ಥರ ಕಾಣುತ್ತೆ. ಪಾಪ, ಅವಳೇನು ಮಾಡ್ತಾಳೆ." ಹೆಂಡತಿಯನ್ನು ಯಾರೂ ಬೈಯದಿರಲಿ ಎಂದೇ ಆಡಿದ ಮಾತು. ಒಳಗಿದ್ದ ಅತ್ತೆಗೆ ಅದು ಕೇಳಿಸಿತು. ಇಪ್ಪತ್ತೆರಡು ವರ್ಷ ಅವರು ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಪೆಟ್ಟಿಗೆಯಲ್ಲಿದ್ದ ಹಳದಿ ನೂಲಿನ ಉಂಡೆಗಳನ್ನೆಲ್ಲ ಎಸೆದರು, ಅಷ್ಟೇ. ಗಾಡಿಗೆ ಬೇರೆ ಬಾಗಿಲು ಹಾಕಿಸಿ ಮಾವ ಶೆಡ್ಡಿನಲ್ಲಿ ನಿಲ್ಲಿಸಿ ಬೀಗ ಜಡಿದರು. ತಿಂಗಳಿಗೊಮ್ಮೆ ಒಬ್ಬರೇ ಹೋಗಿ ಎಂಜಿನ್ನು ಚಾಲೂ ಮಾಡಿ ಬರುವರು. ಅತ್ತೆ ಆ ಹೊಸ್ತಿಲು ತುಳಿದದ್ದಿಲ್ಲ.

ಈ ಸಲ ಬೀಗ ತೆಗೆಸಿದ್ದು ಅತ್ತೆಯ ಮಂಡಿ. ಮಹಡಿಯ ಹದಿನೇಳು ಮೆಟ್ಟಿಲು ಹತ್ತಿ ಇಳಿದು ಮಂಡಿ ಊದಿಕೊಂಡು, ಡಾಕ್ಟರು "ಇನ್ನು ಮೆಟ್ಟಿಲು ಬೇಡ" ಅಂದರು. ಕೆಳಗೆ ಇದ್ದ ಜಾಗ ಶೆಡ್ಡು ಒಂದೇ.

"ಶೆಡ್ಡನ್ನ ರೂಮು ಮಾಡೋಣ. ಗಾಡಿ ಕೊಟ್ಟುಬಿಡೋಣ," ಅಂದರು ನನ್ನ ಗಂಡ, ಊಟಕ್ಕೆ ಕೂತಾಗ. ಇವರು ಛಾಪಖಾನೆಯಲ್ಲಿ ಕೆಲಸ ಮಾಡುವವರು. ಅಣ್ಣ ಹೋದಾಗ ಹದಿನಾಲ್ಕು ವರ್ಷ. ಇಂದಿಗೂ ಸೈಕಲ್ಲು ಬಿಟ್ಟು ಬೇರೆ ಗಾಡಿ ಮುಟ್ಟಿಲ್ಲ.

"ನಾನು ಆ ಜಾಗದಲ್ಲಿ ಮಲಗಲ್ಲ," ಅಂದರು ಅತ್ತೆ.

"ಮತ್ತೆ ಮೆಟ್ಟಿಲ ಮೇಲೆ ಮಲಗ್ತೀಯೇನಮ್ಮ?"

"ಅಜ್ಜೀ, ನಾನೂ ನಿನ್ನ ಜೊತೆ ಮಲಗ್ತೀನಿ," ಅಂದಳು ನನ್ನ ಮಗಳು. ಒಂಬತ್ತು ವರ್ಷ ಅವಳಿಗೆ. ಬಾಯಿ ನೋಡಿ ಅಜ್ಜಿಯೇ 'ಮೆಣಸಿನಕಾಯಿ' ಎಂದು ಹೆಸರಿಟ್ಟಿದ್ದರು.

ಮಾವ ಅನ್ನಕ್ಕೆ ಬೇಳೆ ಕಲಸುತ್ತಿದ್ದರು. ಅವರ ಬಲಗೈ ನಡುಗಲು ಶುರುವಾಗಿ ಎರಡು ವರ್ಷ. ತಟ್ಟೆಯ ಸುತ್ತ ಅಗುಳು ಚೆಲ್ಲಿರುತ್ತಿತ್ತು, ಅತ್ತೆ ಒರೆಸುತ್ತಿದ್ದರು. ಕೊನೆಗೆ ಮಾವ ಅಂದರು, "ಕೊಡೋಣ. ಆದ್ರೆ ಹಾಗೇ ಕೊಡೋಕಾಗಲ್ಲ. ದೀಪದ ವೈರಿಂಗ್ ಪೂರ್ತಿ ಹೊಸದು ಹಾಕಿ ಕೊಡಬೇಕು. ಇನ್ನೊಬ್ಬರ ಮಗ ಓಡಿಸೋ ಗಾಡಿ."

ಅತ್ತೆ ಎದ್ದು ಹೋಗಿ ಪಾತ್ರೆ ತೊಳೆಯತೊಡಗಿದರು. ತೊಳೆದಿದ್ದ ಪಾತ್ರೆಗಳನ್ನೇ ಮತ್ತೆ ತೊಳೆದರು.

ಕೊಳ್ಳುವವರು ಸಿಗಲು ಕಷ್ಟವಾಗಲಿಲ್ಲ. ಹಳೆಯ ಗಾಡಿಗಳ ಹುಚ್ಚಿನ ಒಬ್ಬ ರಿಟೈರಾದ ಮೇಷ್ಟ್ರು, ಮಾವನಿಗೆ ಹಿಂದಿನಿಂದಲೂ ಪರಿಚಯ. ತಿಂಗಳ ಕೊನೆಗೆ ಬಂದು ಒಯ್ಯುತ್ತೇನೆಂದರು. ಕಷ್ಟವಾದದ್ದು ಕೆಲಸಕ್ಕೆ ಕೈ ಹುಡುಕುವುದು. ಮಾವನ ಕೈಯಲ್ಲಿ ಸ್ಕ್ರೂಡ್ರೈವರು ನಿಲ್ಲದು. ಮಗನನ್ನು ಶೆಡ್ಡಿಗೆ ಕರೆದರೆ ಬಾಗಿಲಲ್ಲೇ ಬೆವರುತ್ತಾರೆ. ಹೊರಗಿನ ಮೆಕ್ಯಾನಿಕ್ಕನ್ನು ಮಾವ ಒಪ್ಪಲಿಲ್ಲ. ನಾನು ಮದುವೆಗೆ ಮುಂಚೆ ಎಂಟು ವರ್ಷ ಟ್ಯೂಬ್‌ಲೈಟಿನ ಚೋಕು ಮಾಡುವ ಕಾರ್ಖಾನೆಯಲ್ಲಿ ಬೆಸುಗೆ ಹಾಕಿದವಳು.

"ನಾನು ಮಾಡ್ತೀನಿ, ಮಾವ. ನೀವು ಬಾಯಲ್ಲಿ ಹೇಳಿ."

ಮಾವ ನನ್ನ ಕೈಗಳನ್ನು ನೋಡಿದರು. "ಉಗುರು ಕತ್ತರಿಸ್ಕೋ," ಅಂದರು.

ದಿನಾ ಮಧ್ಯಾಹ್ನ ಎರಡರಿಂದ ನಾಲ್ಕು ನಮ್ಮ ಕೆಲಸದ ಹೊತ್ತು. ಶೆಡ್ಡಿನಲ್ಲಿ ಇಲಿ, ಧೂಳು, ಹಳೆಯ ಗ್ರೀಸಿನ ವಾಸನೆ. ಗಾಡಿಯ ಮೈಮೇಲೆ ಬಿಡಿಸಿದ್ದ ಬ್ರೆಡ್ಡಿನ ಚಿತ್ರ ಮಾಸಿ, ದಿಂಬಿನ ಹಾಗೆ ಕಾಣುತ್ತಿತ್ತು. ಹಳೆಯ ವೈರಿನ ಬಟ್ಟೆಯ ಹೊದಿಕೆ ಮುಟ್ಟಿದರೆ ಪುಡಿಪುಡಿ. ಮುಂದಿನ ದೊಡ್ಡ ದೀಪ, ಹಿಂದಿನ ಕೆಂಪು ದೀಪ, ನಂಬರಿನ ಮೇಲಿನ ಪುಟ್ಟ ದೀಪ, ಒಂದೊಂದಕ್ಕೂ ಹೊಸ ವೈರು ಎಳೆದು, ಗಾಡಿಯ ಅಡಿಯ ಚೌಕಟ್ಟಿಗೆ ಕಟ್ಟಿ, ತುದಿಗೆ ಬೆಸುಗೆ ಹಾಕುವುದು. ಈಗ ಅಂಗಡಿಯಲ್ಲಿ ಎಲ್ಲ ಬಣ್ಣದ ವೈರೂ ಸಿಗುತ್ತದೆ, ನೂಲಿನ ಅಗತ್ಯವಿಲ್ಲ. ಮಾವ ಸ್ಟೂಲಿನ ಮೇಲೆ ಕೂತು, "ಕಬ್ಬಿಣ ತಾಗೋ ಕಡೆ ರಬ್ಬರು ಹಾಕು", "ಅಷ್ಟು ಬಿಗಿ ಬೇಡ, ಗಾಡಿ ಅಲ್ಲಾಡುತ್ತೆ, ವೈರಿಗೂ ಉಸಿರಾಡೋಕೆ ಜಾಗ ಬೇಕು" ಅನ್ನುವರು. ಬೈದರೂ ಕಲಿಸುವ ಬೈಗುಳ. ನಿಜ ಹೇಳಬೇಕೆಂದರೆ ಆ ಮಧ್ಯಾಹ್ನಗಳು ನನಗೆ ಇಷ್ಟವಾಗಿಬಿಟ್ಟಿದ್ದವು. ಮೇಲಿನಿಂದ ಮಿಷನ್ನಿನ ಸದ್ದು ಬರುತ್ತಿತ್ತು. ನಾವು ಸುತ್ತಿಗೆ ಹೊಡೆದಾಗೆಲ್ಲ ಅದು ನಿಲ್ಲುತ್ತಿತ್ತು.

ಒಂದು ವಿಷಯದಲ್ಲಿ ಮಾತ್ರ ಮಾವ ಹಟ ಹಿಡಿದಿದ್ದರು. "ಇಂಡಿಕೇಟರಿನ ಹಳೇ ಸ್ವಿಚ್ಚನ್ನ ಮುಟ್ಟಬೇಡ. ಅದನ್ನ ನಾನೇ ಕೀಳ್ತೀನಿ. ಹೊಸದನ್ನ ಪಕ್ಕದಲ್ಲಿ ಕೂರಿಸು."

ಅದೇ ವಾರ ಮನೆಯಲ್ಲಿ ಇನ್ನೊಂದು ರಗಳೆ. ಶಾಲೆಯ ಆಟದಲ್ಲಿ ಮೆಣಸಿನಕಾಯಿ ಹಳದಿ ತಂಡಕ್ಕೆ ಬಿದ್ದಳು. ಹಳದಿ ಅಂಗಿ ಬೇಕು ಎಂದು ಊಟಕ್ಕೆ ಕೂತಾಗ ಶುರುಮಾಡಿದಳು.

"ಅಜ್ಜಿ ಹೊಲಿಯಲ್ವಂತೆ. ದರ್ಜಿ ಮೊಮ್ಮಗಳಾಗಿ ಬೇರೆಯವರ ಹತ್ರ ಹೊಲಿಸ್ಕೋಬೇಕಾ ನಾನು?"

"ನೀಲಿ ತಂಡಕ್ಕೆ ಹಾಕಿ ಅಂತ ಟೀಚರ್ ಹತ್ರ ಕೇಳೇ," ಅಂದರು ಅತ್ತೆ.

"ಯಾಕೆ ಕೇಳಬೇಕು? ಹಳದಿ ಏನು ಮಾಡಿದೆ ನಿನಗೆ?"

ನನ್ನ ಗಂಡ ಅವಳ ಬೆನ್ನಿಗೊಂದು ಕೊಟ್ಟರು. ಎಂದೂ ಹೊಡೆದವರಲ್ಲ. ಅವಳು ಅಳಲಿಲ್ಲ, ಆಶ್ಚರ್ಯದಿಂದ ಅಪ್ಪನನ್ನೇ ನೋಡಿದಳು. ಅತ್ತೆ ಮೊಮ್ಮಗಳನ್ನು ಎಳೆದುಕೊಂಡು ಬೆನ್ನು ಸವರಿ, "ಹಳದಿ ಏನೂ ಮಾಡ್ಲಿಲ್ಲ ಕಣೇ, ಮಾಡಿದ್ದು ನಾನು," ಅಂದರು. ಮಾವ ಅರ್ಧ ತಟ್ಟೆ ಹಾಗೇ ಬಿಟ್ಟು ಕೈ ತೊಳೆದರು. ಅಂಗಿಯನ್ನು ಮೂಲೆಯಂಗಡಿಯಿಂದ ತಂದೆವು, ತೋಳು ಎರಡು ಬೆರಳು ಉದ್ದ.

ಮೂರನೇ ವಾರ ಹೊಸ ಸ್ವಿಚ್ಚು ಕೂರಿಸಲು ನಾನು ಡ್ಯಾಶ್‌ಬೋರ್ಡಿನ ಕೆಳಗೆ ಅಂಗಾತ ಮಲಗಿದೆ. ತಲೆ ಪೆಡಲ್ಲುಗಳ ನಡುವೆ, ಕಾಲು ಸೀಟಿನ ಮೇಲೆ. ಸ್ವಿಚ್ಚಿನ ಹಿಂಭಾಗ ಕಣ್ಣೆದುರಿಗೆ. ಎಡಗಡೆಯ ಸ್ಕ್ರೂಗೆ ಎಡದ ವೈರು, ಬಲಗಡೆಯದಕ್ಕೆ ಬಲದ್ದು ಎಂದು ಹಾಕುತ್ತಿದ್ದೆ.

"ಹಿಂದಿನಿಂದ ನೋಡ್ತಿದ್ದೀಯ ನೀನು!" ಮಾವ ಕೂಗಿದ ರಭಸಕ್ಕೆ ನನ್ನ ಹಣೆ ಕಬ್ಬಿಣಕ್ಕೆ ಬಡಿಯಿತು. "ಎಡ ಬಲ ತಿರುಗಿರುತ್ತೆ. ತಿರುಗಿಸಿ ಹಾಕು. ತಿರುಗಿಸು."

ಹೌದಲ್ಲ, ಎದುರಿಗೆ ನಿಂತವರ ಬಲಗೈ ನಮಗೆ ಎಡಕ್ಕೆ ಬರುವಂತೆ. ತಿರುಗಿಸಿದೆ. ಹೊರಗೆ ಬಂದು ನೋಡಿದರೆ ಮಾವನ ಮುಖ ಬಿಳಿಚಿಹೋಗಿತ್ತು. ನೀರು ಕೊಟ್ಟೆ. ಲೋಟದಲ್ಲಿದ್ದದ್ದು ಅರ್ಧ ಅಂಗಿಯ ಮೇಲೆ ಹೋಯಿತು. ನನ್ನ ತಪ್ಪಿಗೆ ಇಷ್ಟೇಕೆ ಹೆದರಿದರು ಅಂದುಕೊಂಡೆ, ಅಷ್ಟೇ.

ಮರುದಿನ ಮಾವನನ್ನು ಇವರು ಡಾಕ್ಟರ ಬಳಿ ಕರೆದುಕೊಂಡು ಹೋದರು. ನಾನು ಒಬ್ಬಳೇ ಶೆಡ್ಡಿಗೆ ಹೋದೆ. ನಡುಗುವ ಕೈಯ ಮುದುಕರು ಆ ಇಕ್ಕಟ್ಟಿನಲ್ಲಿ ಮಲಗಿ ಹಳೆಯ ಸ್ವಿಚ್ಚು ಕೀಳುವುದುಂಟೇ, ಬರುವುದರೊಳಗೆ ನಾನೇ ಕಿತ್ತಿಟ್ಟರೆ ಒಂದು ಬೈಗುಳದಲ್ಲಿ ಮುಗಿಯುತ್ತದೆ ಎಂಬ ಉಪಕಾರಬುದ್ಧಿ.

ಸ್ವಿಚ್ಚಿಗೆ ಅಂಟಿದ್ದ ಟೇಪು ಬಿಡಿಸಿದೆ. ಒಳಗೆ ನೂಲು ನಿನ್ನೆ ಸುತ್ತಿದ ಹಾಗಿತ್ತು. ಒಂದಕ್ಕೆ ಬಿಳಿ, ಒಂದಕ್ಕೆ ಹಳದಿ, ಸಣ್ಣ ಸಣ್ಣ ಸುತ್ತು, ಕೊನೆಗೆ ಅತ್ತೆ ಗುಂಡಿ ಹೊಲಿದು ಹಾಕುವಂಥದೇ ಗಂಟು. ಹಿಂದೆ ಹೋಗಿ ದೀಪಗಳ ಬಳಿ ನೋಡಿದೆ. ಎಡದ ದೀಪದಲ್ಲಿ ಬಿಳಿ, ಬಲದ ದೀಪದಲ್ಲಿ ಹಳದಿ. ನಡುವೆ ವೈರು ಅದೇ ಹೌದೋ ಅಲ್ಲವೋ ಎಂದು ಬ್ಯಾಟರಿ, ಬಲ್ಬು ಹಿಡಿದು ಮೂರು ಸಲ ಪರೀಕ್ಷೆ ಮಾಡಿದೆ. ಬಿಳಿಯದು ಬಿಳಿಗೇ ಬಂತು, ಹಳದಿಯದು ಹಳದಿಗೇ. ನೂಲು ಎಲ್ಲೂ ಅದಲುಬದಲಾಗಿರಲಿಲ್ಲ.

ಆಮೇಲೆ ಸ್ವಿಚ್ಚನ್ನು ಡ್ರೈವರಿಗೆ ಕಾಣುವ ಹಾಗೆ ಮುಂದಿನಿಂದ ಹಿಡಿದು ನೋಡಿದೆ. ಎಡದ ಸ್ಕ್ರೂನಲ್ಲಿ ಹಳದಿ ಇತ್ತು, ಬಲದ ಸ್ಕ್ರೂನಲ್ಲಿ ಬಿಳಿ. ಹಿಂದಿನ ದಿನ ನಾನು ಹಾಕಲು ಹೊರಟಿದ್ದ ಹಾಗೆಯೇ. ಅಂಗಾತ ಮಲಗಿ ಹಾಕಿದ ಕೈ.

ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಮೇಲೆ ಮಿಷನ್ನು ಓಡುತ್ತಿತ್ತು.

ಮಾವ ಬಂದಾಗ ನಾನು ಅದನ್ನು ಮುಚ್ಚಿಡಲಿಲ್ಲ. ನೂಲು ಸುತ್ತಿದ ತುದಿಗಳ ಸಮೇತ ವೈರು ಕತ್ತರಿಸಿ ಸ್ಟೂಲಿನ ಮೇಲೆ ಇಟ್ಟಿದ್ದೆ. ಅವರು ನಿಂತೇ ನೋಡಿದರು.

"ಮಾವ, ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಯಾವಾಗಿಂದ?"

"ಹತ್ತು ದಿನ ಆದ್ಮೇಲೆ ಪೊಲೀಸ್ರು ಗಾಡಿ ಬಿಟ್ಟುಕೊಟ್ರು. ಅವತ್ತೇ ಕೆಳಗೆ ಮಲಗಿ ನೋಡ್ದೆ." ಮಾವ ಗಾಡಿಯ ಬಾಗಿಲು ಹಿಡಿದುಕೊಂಡರು. "ಜನರ ಮುಂದೆ ಆ ಮಾತು ಆಡಿದ್ದು ಗೊತ್ತಿಲ್ಲದೆ. ಅವಳೇ ತಪ್ಪು ಸುತ್ತಿರಬೇಕು ಅಂತ ನಿಜವಾಗ್ಲೂ ಅಂದ್ಕೊಂಡಿದ್ದೆ. ಆಮೇಲೆ ಗೊತ್ತಾಯ್ತು. ನಾಳೆ ಹೇಳ್ತೀನಿ, ನಾಳೆ ಹೇಳ್ತೀನಿ ಅಂತ..."

"ಇಪ್ಪತ್ತೆರಡು ವರ್ಷ ನಾಳೆನಾ?"

ಮಾವ ಸ್ವಿಚ್ಚನ್ನು ಎತ್ತಿ ಜೇಬಿಗೆ ಹಾಕಿಕೊಂಡರು.

"ಸಾಕ್ಷಿ ಉಳಿಸಿದ್ದಾದ್ರೂ ಯಾಕೆ? ತಿರುಗಿಸಿ ಹಾಕಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲವಲ್ಲ."

"ಕೈ ಹಾಕ್ದೆ ಒಂದ್ಸಲ. ಆಗ್ಲಿಲ್ಲ. ಅದನ್ನೂ ಮಾಡಿಬಿಟ್ಟಿದ್ರೆ ನಾನು ಮನುಷ್ಯ ಆಗಿ ಉಳೀತಿರ್ಲಿಲ್ಲ."

ನನಗೆ ಅವರ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ತಂದೆಯ ಹಾಗೆ ನೋಡಿಕೊಂಡವರು. ಅವರು ಅಳುತ್ತಿದ್ದುದೂ ಕಾಣುತ್ತಿತ್ತು. ಎರಡನ್ನೂ ಹೇಗೆ ಹಿಡಿದುಕೊಳ್ಳುವುದೋ ತಿಳಿಯದೆ, "ಗಾಡಿ ಹೋಗೋದ್ರೊಳಗೆ ನೀವೇ ಅತ್ತೆಗೆ ಹೇಳಿ. ಇಲ್ದಿದ್ರೆ ನಾನು ಹೇಳ್ತೀನಿ," ಅಂದು ಮೇಲೆ ಬಂದೆ. ಅತ್ತೆ ಗಂಜಿ ಆರಿಸುತ್ತಿದ್ದರು. "ಡಾಕ್ಟರು ಏನಂದ್ರಂತೆ? ಉಪ್ಪು ಕಡಿಮೆ ಹಾಕ್ಬೇಕಾ ಅವರಿಗೆ?" ಎಂದು ಕೇಳಿದರು. ನಾನು ಲೋಟ ತೊಳೆಯುವ ನೆಪದಲ್ಲಿ ಅತ್ತ ತಿರುಗಿಕೊಂಡೆ.

ಗಂಡನಿಗೆ ಹೇಳಿದೆ. ಇವರು ಮಂಚದ ತುದಿಯಲ್ಲಿ ಕೂತರು.

"ಬೇಡ. ಹೇಳೋದು ಬೇಡ," ಅಂದರು.

"ಯಾಕೆ?"

"ಇಬ್ಬರೂ ಇನ್ನೆಷ್ಟು ವರ್ಷ ಇರ್ತಾರೆ? ಈಗ ಹೇಳಿದ್ರೆ ಅಣ್ಣ ಬರ್ತಾನಾ? ಅಮ್ಮನಿಗೆ ಮಗ ಹೋಗಿದ್ದಾನೆ, ಗಂಡನೂ ಹೋಗ್ಲಿ ಅಂತೀಯಾ?"

"ಅವರು ದಿನಾ ತಮ್ಮ ಕೈನೇ ಕೊಲೆಗಾರನ ಕೈ ಅಂದ್ಕೊಂಡು ನಿಮಗೆ ಅನ್ನ ಬಡಿಸ್ತಿದ್ದಾರೆ. ಅದು ಸರಿನಾ?"

"ನಿನಗೆ ಸುಲಭ. ನೀನು ಹೊರಗಿನಿಂದ ಬಂದವಳು."

ಹನ್ನೊಂದು ವರ್ಷ ಆ ಮನೆಯ ಒಲೆಯ ಮುಂದೆ ನಿಂತವಳಿಗೆ ಆಡುವ ಮಾತಲ್ಲ ಅದು. ಮೂರು ದಿನ ನಾವು ಮಾತು ಬಿಟ್ಟೆವು. "ಅಪ್ಪನಿಗೆ ಉಪ್ಪು ಬೇಕಂತೆ, ಕೊಡು", "ಛತ್ರಿ ಎಲ್ಲಿ ಅಂತ ಅಪ್ಪ ಕೇಳ್ತಿದ್ದಾರೆ" ಎಂದು ಮೆಣಸಿನಕಾಯಿಯೇ ಟಪಾಲಿನವಳಾದಳು. ಸಂಬಳ ಕೇಳುತ್ತೇನೆ ಅಂದಳು. ಮಾವ ಪ್ರತಿದಿನ ಬೆಳಿಗ್ಗೆ ಅತ್ತೆಯ ಮಿಷನ್ನಿನ ಹತ್ತಿರ ಹೋಗಿ ನಿಲ್ಲುವರು. "ಏನು ಬೇಕಿತ್ತು?" ಎಂದು ಅತ್ತೆ ಕೇಳಿದರೆ "ಏನಿಲ್ಲ" ಎಂದು ವಾಪಸು ಬರುವರು.

ಮೇಷ್ಟ್ರು ಬರಬೇಕಾದ ಹಿಂದಿನ ದಿನ ಕೆಲಸ ಮುಗಿಯಿತು. ಹೊಸ ವೈರುಗಳೆಲ್ಲ ಚೊಕ್ಕವಾಗಿ ಕೂತಿದ್ದವು. ಬೆಳಗಿನ ಹನ್ನೊಂದರ ಬಿಸಿಲು. ಶೆಡ್ಡಿನ ದೊಡ್ಡ ಬಾಗಿಲು ತೆರೆದು ಮಾವ ಕೆಳಗಿನಿಂದಲೇ ಕೂಗಿದರು, "ಸ್ವಲ್ಪ ಬರ್ತೀಯಾ? ಹಿಂದೆ ನಿಂತು ಹೇಳೋಕೆ ಜನ ಬೇಕು."

ಮಿಷನ್ನು ನಿಂತಿತು. "ಸೊಸೆ ಇದ್ದಾಳಲ್ಲ," ಅಂದರು ಅತ್ತೆ.

"ನೀನೇ ಬರಬೇಕು."

ಅತ್ತೆ ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು ಇಳಿದರು. ಶೆಡ್ಡಿನ ಹೊಸ್ತಿಲಲ್ಲಿ ನಿಂತವರನ್ನು ನಾನು ಕೈ ಹಿಡಿದು ದಾಟಿಸಿದೆ. ಗಾಡಿಯ ಹೊಸ ಬಾಗಿಲಿನ ಕಡೆ ನೋಡದೆ ಹಿಂದುಗಡೆ ಹೋಗಿ ನಿಂತರು. ಮಾವ ಸೀಟಿಗೆ ಹತ್ತಿ ಕೂತು ಸ್ವಿಚ್ಚು ಹಾಕಿದರು.

"ಎಡ," ಅಂದರು ಅತ್ತೆ.

ಸ್ವಿಚ್ಚು ಬದಲಾಯಿತು.

"ಬಲ."

"ಸರಿಯಾಗಿ ನೋಡಿ ಹೇಳು."

"ಬಲ. ಬಲಾನೇ ರೀ." ಅವರ ದನಿ ಒಡೆಯಿತು. "ಅವತ್ತು ನಾನು ಊರಲ್ಲಿದ್ದಿದ್ರೆ ಹೇಳ್ತಿದ್ದೆ."

ಮಾವ ಇಳಿದು ಬಂದರು. ಜೇಬಿನಿಂದ ಹಳೆಯ ಸ್ವಿಚ್ಚನ್ನೂ ಅದರ ಸ್ಕ್ರೂಗಳಲ್ಲೇ ಇದ್ದ ವೈರಿನ ತುಂಡುಗಳನ್ನೂ ತೆಗೆದರು. ಅವನ್ನು ಅತ್ತೆಯ ಅಂಗೈಯಲ್ಲಿಟ್ಟು, "ನೀನು ಸರಿಯಾಗೇ ಸುತ್ತಿದ್ದೆ. ಸೇರಿಸೋವಾಗ ತಪ್ಪು ಮಾಡಿದ್ದು ನಾನು," ಅಂದರು.

ಅತ್ತೆ ಆ ತುಂಡುಗಳನ್ನು ಬಿಸಿಲಿಗೆ ಹಿಡಿದರು. ಬಿಳಿ ನೂಲನ್ನು ಬೆರಳಲ್ಲಿ ಸವರಿದರು, ಹಳದಿ ನೂಲನ್ನು ಸವರಿದರು. ತಮ್ಮ ಗಂಟು ತಮಗೆ ಗುರುತು ಸಿಗದೆ ಇರುತ್ತದೆಯೇ. ಆಮೇಲೆ ಸ್ವಿಚ್ಚು ನೋಡಿದರು. ಅಷ್ಟು ವರ್ಷ ಆ ಅಂಗಡಿಯಲ್ಲಿ ಕೈಜೋಡಿಸಿದವರು, ವಿವರಿಸಬೇಕಾಗಿರಲಿಲ್ಲ.

"ಈಗ ಕಿತ್ತಾಗ ಗೊತ್ತಾಯ್ತಾ?" ಎಂದು ಕೇಳಿದರು.

ಮಾವ ಹೌದು ಅನ್ನಬಹುದಿತ್ತು. ನಾನು ಬಾಯಿ ಬಿಡುತ್ತಿರಲಿಲ್ಲ. ಆ ಗಳಿಗೆಯಲ್ಲಿ ಅವರು ಹೌದು ಅನ್ನಲಿ ಎಂದು ನಾನೇ ಬಯಸಿದ್ದೆ.

"ಇಲ್ಲ. ಗಾಡಿ ವಾಪಸು ಬಂದ ದಿನಾನೇ."

ಅತ್ತೆ ಅಳಲಿಲ್ಲ, ಕೂಗಲಿಲ್ಲ. ತುಂಡುಗಳನ್ನು ಸೆರಗಿಗೆ ಹಾಕಿ ಗಂಟು ಕಟ್ಟಿಕೊಂಡರು. "ಊಟದ ಹೊತ್ತಾಯ್ತು," ಅಂದು ಮೆಟ್ಟಿಲು ಹತ್ತಿದರು. ಕೈ ಹಿಡಿಯಲು ಹೋದ ಮಾವನನ್ನು ದಾಟಿಕೊಂಡೇ ಹೋದರು.

ಮರುದಿನ ಮೇಷ್ಟ್ರು ಬಂದು ಗಾಡಿ ಒಯ್ದರು. ಬೀದಿಯ ತುದಿಯಲ್ಲಿ ಅದು ಬಲಕ್ಕೆ ತಿರುಗುವಾಗ ಬಲದ ದೀಪವೇ ಮಿನುಗಿತು. ನನ್ನ ಗಂಡ ಕಿಟಕಿಯಿಂದ ಅದನ್ನು ನೋಡಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಹೊರಗೆ ಬಂದ ಮೇಲೆ, "ನಾನು ಅವತ್ತು ಆಡಿದ ಮಾತು ತಪ್ಪು," ಎಂದು ನನಗೆ ಹೇಳಿದರು.

ಎರಡು ವಾರದಲ್ಲಿ ಶೆಡ್ಡಿಗೆ ಸುಣ್ಣ ಬಳಿಸಿ, ಕಿಟಕಿ ಇಡಿಸಿ, ಮಂಚ ಹಾಕಿಸಿದೆವು. ಎರಡು ಮಂಚ ಎಂದು ಇವರು ಅಳತೆ ತೆಗೆದುಕೊಂಡಾಗ ಅತ್ತೆ, "ಒಂದು ಸಾಕು," ಅಂದರು. ಯಾರೂ ಎದುರಾಡಲಿಲ್ಲ. ಅತ್ತೆ ಮಿಷನ್ನಿನ ಸಮೇತ ಕೆಳಗೆ ಬಂದರು. ಮೆಣಸಿನಕಾಯಿ ತನ್ನ ದಿಂಬು ತಂದು ಅಜ್ಜಿಯ ಪಕ್ಕ ಎಸೆದಳು. ಮಾವ ಮೇಲೆ ಉಳಿದರು. ಅವರ ಕೈ ಜೊತೆ ಈಗ ಕಾಲೂ ನಡುಗುತ್ತದೆ, ಒಬ್ಬರೇ ಇಳಿಯುವಂತಿಲ್ಲ. ಇಬ್ಬರಿಗೂ ಊಟ ನಾನೇ ಹಂಚುತ್ತೇನೆ.

ಮೊನ್ನೆ ಏಳು ಗಂಟೆಯ ಹೊತ್ತಿಗೆ ಕೆಳಗೆ ಹೋದೆ. ಅತ್ತೆ ವಿದ್ಯುದ್ದೀಪ ಆರಿಸಿ, ಅಟ್ಟದಿಂದ ಇಳಿಸಿದ ಹಳೆಯ ಲಾಂದ್ರ ಹಚ್ಚಿಕೊಂಡು ಕೂತಿದ್ದರು. ಮಡಿಲಲ್ಲಿ ಮೊಮ್ಮಗಳ ಹಳದಿ ಅಂಗಿ, ಉದ್ದವಾದ ತೋಳು ಅರ್ಧ ಮಡಿಸಿದೆ. ಪಕ್ಕದಲ್ಲಿ ಎರಡು ಹೊಸ ಉಂಡೆ ನೂಲು.

"ಇಲ್ಲಿ ಬಾ. ನೋಡು, ಇವೆರಡೂ ಒಂದೇ ಥರ ಕಾಣುತ್ತಾ?"

ಬಗ್ಗಿ ನೋಡಿದೆ. ಬಿಳಿ ಬಿಳಿಯಾಗಿತ್ತು, ಹಳದಿ ಹಳದಿಯಾಗಿತ್ತು.

"ಇಲ್ಲ ಅತ್ತೆ. ಬೇರೆ ಬೇರೇನೇ ಕಾಣುತ್ತೆ."

"ನನಗೂ ಹಾಗೇ ಕಾಣುತ್ತೆ." ಉಂಡೆಗಳನ್ನು ಹತ್ತಿರ ಹತ್ತಿರ ಇಟ್ಟರು. "ಲಾಂದ್ರ ಮನೇಲೇ ಇತ್ತು. ನೂಲು ಅಂಗಡೀಲಿ ಇತ್ತು. ಒಂದು ಸಲ ಹಚ್ಚಿ ನೋಡ್ಲಿಲ್ಲ ನೋಡು ನಾನು. ಅವರು ಹೇಳಿದ್ರು ಅಂತ ನಂಬಿಬಿಟ್ಟೆ."

ಅಷ್ಟರಲ್ಲಿ ಮೇಲಿನಿಂದ ಮಾವ ಲೋಟ ಬಡಿದ ಸದ್ದು ಬಂತು. ನೀರು ಬೇಕಾದಾಗ ಹಾಗೆ ಬಡಿಯುತ್ತಾರೆ. ಅತ್ತೆ ಅಭ್ಯಾಸಬಲದಿಂದ ಎದ್ದೇಬಿಟ್ಟರು. ಮಂಡಿ ಹಿಡಿದುಕೊಂಡು ಮೆಟ್ಟಿಲಿನವರೆಗೂ ಹೋಗಿ, ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟು ನಿಂತರು. ಮತ್ತೆ ಒಂದು ಸಲ ಲೋಟದ ಸದ್ದಾಯಿತು.

"ನೀನೇ ಹೋಗಿ ಕೊಡು," ಅಂದರು, ನನ್ನ ಕಡೆ ತಿರುಗದೆ. "ಬಿಸಿ ಮಾಡಿ ಕೊಡು. ತಣ್ಣೀರು ಕುಡಿದ್ರೆ ಅವರಿಗೆ ಕೆಮ್ಮು."